ಕೊಳವೆಯ ಬುಡದ ಕೈಬರಹ

"ನಮ್ಮ ಲ್ಯಾಬಿನಾಗ ಹದಿನೆಂಟು ಕಂಪ್ಯೂಟರ್ ಅದಾವ್ರಿ. ಅವಕ್ಕ ಆಗಾಗ ಅಪ್‌ಡೇಟ್ ಬರ್ತಾವು. ಕಂಪ್ಯೂಟರ್ ಹೇಳಿದ್ದನ್ನ ಪ್ರಿಂಟರ್‌ಗೆ ತಿಳಿಸೋದಕ್ಕ ಡ್ರೈವರ್ ಅಂತಾರ, ಅದರದ್ದೂ ಹೊಸಾದು ಬರ್ತೈತಿ. ಬಂದದ್ದನ್ನ ಬಂದಂಗ ಎಲ್ಲಾದಕ್ಕೂ ಹಾಕಂಗಿಲ್ಲ. ಮೊದ್ಲು ಮೆಟ್ಟಿಲ ಕೆಳಗಿನ ಒಂದಕ್ಕ ಹಾಕಿ ಮೂರು ದಿನ ಕಾಯ್ತೀನಿ. ಮದುವಿ ಊಟ ಬಡಿಸೋಕ್ಕಿಂತ ಮೊದ್ಲು ಒಬ್ರು ಸಾರಿನ ರುಚಿ ನೋಡ್ತಾರಲ್ಲ, ಹಂಗ. ಎಲ್ಲಾ ಸರಿ ಇದ್ರ ನಾನು ಅದೀನೋ ಇಲ್ಲೋ ಯಾರಿಗೂ ಗೊತ್ತಾಗಂಗಿಲ್ಲ. ಕೆಟ್ರ ಮಾತ್ರ ಹದಿನೆಂಟು ಕಡಿಯಿಂದ 'ಹೇಮಾಕ್ಷಿಗಾರೂ' ಅಂತ ಕೂಗ್ತಾರ!"

ಕೆಲಸ ಏನೆಂದು ಕೇಳಿದವರಿಗೆಲ್ಲ ಬಳ್ಳಾರಿಯ ಹೇಮಾಕ್ಷಿ ಹೀಗೇ ಹೇಳುತ್ತಾಳೆ. ತೆಲುಗು ನಾಡಿನ ಪೆಂಡುರ್ತಿಯ ರಕ್ತಪರೀಕ್ಷೆ ಲ್ಯಾಬಿಗೆ ಸೇರಿ ಅವಳಿಗೆ ನಾಲ್ಕು ವರ್ಷ. ಆ ಮೂರು ದಿನದ ನೇಮ ಮುರಿದದ್ದು ಒಂದೇ ಸಲ. ವಿಜಯವಾಡದಲ್ಲಿ ತಂಗಿ ಪ್ರಫುಲ್ಲಾಳ ಕೂಸಿನ ನಾಮಕರಣ. ಶನಿವಾರ ಸಂಜೆ ರೈಲು ಹಿಡಿಯುವ ಅವಸರದಲ್ಲಿ, ರಕ್ತದ ಕೊಳವೆಗೆ ಅಂಟಿಸುವ ಚೀಟಿ ಮುದ್ರಿಸುವ ಪ್ರಿಂಟರಿನ ಹೊಸ ಡ್ರೈವರನ್ನು ಎಲ್ಲ ಕಂಪ್ಯೂಟರಿಗೂ ಒಟ್ಟಿಗೇ ಹಾಕಿ ಓಡಿದಳು.

ಸೋಮವಾರ ಬೆಳಿಗ್ಗೆ ಮಹಡಿಯ ಮೇಲೆ ರಕ್ತ ಪರೀಕ್ಷಿಸುವ ಜಗದೀಶ್ ಕರೆದ. ರಕ್ತ ತುಂಬಿದ ಮೂವತ್ತೆಂಟು ಕೊಳವೆಗಳು ಅವನ ಮುಂದಿದ್ದವು. ಹೊಸ ಡ್ರೈವರ್ ಚೀಟಿಯ ಅಳತೆ ಬದಲಿಸಿತ್ತು, ಅಚ್ಚಾದದ್ದು ಅರ್ಧ. ಹೆಸರೂ ಇಲ್ಲ, ಪೂರಾ ಸಂಖ್ಯೆಯೂ ಇಲ್ಲ.

"ಯಾರದು ಯಾವುದು? ಎಲ್ಲರನ್ನೂ ವಾಪಸ್ ಕರೆಸಿ ಮತ್ತೆ ಚುಚ್ಚಬೇಕು," ಎಂದ.

ಅಂದು ಬೆಳಿಗ್ಗೆಯೇ ನರ ಸಿಗದೆ ನಾಲ್ಕು ಕಡೆ ಚುಚ್ಚಿಸಿಕೊಂಡು ಹೋದ ಎಂಬತ್ತರ ಭೀಮಸೇನರಾಯರು ನೆನಪಾಗಿ ಹೇಮಾಕ್ಷಿ ಕೆಳಗೆ ಓಡಿದಳು. ಇಪ್ಪತ್ತಾರು ವರ್ಷದಿಂದ ರಕ್ತ ತೆಗೆಯುವ ಲಕ್ಷ್ಮೀಕಾಂತಮ್ಮ ಕೈ ತೊಳೆಯುತ್ತಿದ್ದರು.

"ಅಮ್ಮಾ, ಚೀಟಿ ಅರ್ಧ ಬಂದದ್ದು ನೀವು ನೋಡಲಿಲ್ಲೇನ್ರಿ?"

"ಕೌಂಟರಿನವರು ಕೊಟ್ಟರು, ಅಂಟಿಸಿದೆ. ಅದನ್ನು ಓದಲು ಕನ್ನಡಕ ಯಾರು ಹಾಕ್ತಾರೆ? ಗಾಬರಿ ಪಡಬೇಡ ಅಮ್ಮಾಯಿ. ಬುಡದಲ್ಲಿ ನೋಡು ಹೋಗು."

ಮೇಲೆ ಹೋಗಿ ನೋಡಿದರೆ ಪ್ರತಿ ಕೊಳವೆಯ ಬುಡದಲ್ಲೂ ಪೆನ್ನಿನಲ್ಲಿ ಬರೆದ ಹೆಸರಿತ್ತು, ವಯಸ್ಸಿತ್ತು. "ಮಿಷನ್ ಬರೀತೈತಲ್ಲ, ಸುಮ್ನ ಕೈ ಯಾಕ ನೋಯಿಸ್ಕೋತೀರಿ" ಎಂದು ಹಿಂದೆ ಬೇಡವೆಂದವಳು ಹೇಮಾಕ್ಷಿಯೇ.

"ನೀನು ಬೇಡ ಅಂದೆ, ನಾನು ಸರಿ ಅಂದೆ," ಎಂದು ಅವಳ ಹಿಂದೆಯೇ ಬಂದ ಲಕ್ಷ್ಮೀಕಾಂತಮ್ಮ ನಕ್ಕರು. "ಬರೆಯೋದು ಮಾತ್ರ ಬಿಡಲಿಲ್ಲ."

ಬರಹ ತೆಲುಗು. ಒಡಿಶಾದ ಜಗದೀಶನಿಗೆ ತೆಲುಗು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕನ್ನಡ ಕಲಿತ ಕಣ್ಣಿಗೆ ಆ ಅಕ್ಷರ ನೆಂಟರ ಮುಖದ ಹಾಗೆ, ತಲೆಕಟ್ಟಷ್ಟೇ ಬೇರೆ. ಹೇಮಾಕ್ಷಿ ಒಂದೊಂದೇ ಓದಿ ಹೇಳಿದಳು, ಜಗದೀಶ್ ನೋಂದಣಿ ಪಟ್ಟಿಯೊಡನೆ ತಾಳೆ ನೋಡಿದ. ಭೀಮಸೇನರಾಯರ ಹೆಸರನ್ನು ಎರಡು ಸಲ ಓದಿದಳು. ಮೂವತ್ತೆಂಟೂ ಸಿಕ್ಕವು. ಹಳೆಯ ಡ್ರೈವರನ್ನು ಮರಳಿ ಹಾಕಿ ಚೀಟಿಗಳನ್ನು ಹೊಸದಾಗಿ ಮುದ್ರಿಸಿದಳು. ಯಾರನ್ನೂ ಎರಡನೆಯ ಸಲ ಚುಚ್ಚಬೇಕಾಗಲಿಲ್ಲ.

ಸಂಜೆ ಲಕ್ಷ್ಮೀಕಾಂತಮ್ಮ ದಿನದಂತೆ ಕೊಳವೆ ನಿಲ್ಲಿಸುವ ಸ್ಟ್ಯಾಂಡುಗಳನ್ನು ತೊಳೆಯಲು ಕೂತರು. ಹೇಮಾಕ್ಷಿ ಪಕ್ಕದಲ್ಲಿ ಬಂದು ಕೂತಳು.

"ನಿನಗೆ ಬಸ್ಸಿಲ್ಲವಾ?"

"ಇನ್ನೊಂದು ಬರ್ತೈತ್ರಮ್ಮ," ಎಂದು, ತೊಳೆದ ಸ್ಟ್ಯಾಂಡೊಂದನ್ನು ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದಳು.