ಹಂಪವ್ವನ ಒಂಬತ್ತನೆಯ ಗಡಿಗೆ

ನಿಜಾಮರ ಕಾಲದ ಮಾತು. ಹನುಮಸಾಗರದ ಸಂತೆಯಲ್ಲಿ ಕುಂಬಾರ ಹೇಮಪ್ಪನ ಗಡಿಗೆಯನ್ನು ಯಾರೂ ಬಾರಿಸಿ ನೋಡಿ ಕೊಳ್ಳುತ್ತಿರಲಿಲ್ಲ. ಅವನ ಹೆಂಡತಿ ಹಂಪವ್ವ ಮನೆಯಲ್ಲೇ ಬಾರಿಸಿ ನೋಡಿರುತ್ತಿದ್ದಳು, ಅಷ್ಟು ಸಾಕಿತ್ತು. ಆ ನಂಬಿಕೆಯ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಚಿಕ್ಕಂದಿನಲ್ಲೇ ಜ್ವರ ಬಂದು ಹಂಪವ್ವನ ಬಲಗಿವಿ ಹೋಗಿತ್ತು. ಉಳಿದ ಎಡಗಿವಿಯೋ, ಅದರ ಮೇಲೆ ಹೂವಿಡುವವರು ಹುಟ್ಟಿರಲಿಲ್ಲ. ಆವಿಗೆಯಲ್ಲಿ ಸುಟ್ಟು ತೆಗೆದ ಒಂದೊಂದೇ ಗಡಿಗೆಯನ್ನು ಆ ಕಿವಿಗೆ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುವಳು. ಖಣ್ ಎಂದರೆ ಪಕ್ಕಕ್ಕಿಡುವಳು. ಬೊದ್ದೆಂದರೆ ಒಳಗೆ ಬಿರುಕಿದೆ ಎಂದು ಅಲ್ಲೇ ಕಲ್ಲಿಗೆ ಅಪ್ಪಳಿಸುವಳು. ಒಡಕು ಗಡಿಗೆ ಹೊಸಿಲು ದಾಟಬಾರದು ಎಂಬುದು ಆ ಮನೆಯ ರೀತಿ. ಹೇಮಪ್ಪ ಎಂದೂ ಎದುರಾಡಿದವನಲ್ಲ. ಎದುರಾಡಿ ಊಟವನ್ನು ಎಲ್ಲಿ ಮಾಡಬೇಕು ಹೇಳಿ!

ಒಂದು ಸೋಮವಾರ ತಲೆ ಎರೆದುಕೊಂಡು ಬಂದು ಆವಿಗೆಯ ಮುಂದೆ ಕುಳಿತಳು. ಕಿವಿ ಗಪ್ಪೆಂದಿತ್ತು. ನೀರು ನಿಂತಿದೆ, ಇಳಿದೀತು ಎಂದುಕೊಂಡಳು. ಮೊದಲ ಗಡಿಗೆ ಬೊದ್ದೆಂದಿತು, ಒಡೆದಳು. ಎರಡನೆಯದೂ ಹಾಗೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರತಿಯ ಕೈಯೇ ದೊಣ್ಣೆಯಾಗಿತ್ತು. ಎಂಟು ಗಡಿಗೆ ಚೂರಾದವು. ಒಂಬತ್ತನೆಯದನ್ನು ಎತ್ತಿದಾಗ ಹಿಂದಿನಿಂದ ಯಾರೋ ಕೈ ಹಿಡಿದರು. ತಿರುಗಿದರೆ ಹೇಮಪ್ಪ. ಅವನ ಬಾಯಿ ಆಡುತ್ತಿತ್ತು, ಮಾತಿಲ್ಲ. ಅವನು ಆಗಿನಿಂದ ಕೂಗುತ್ತಿದ್ದಾನೆ ಎಂದು ಹಂಪವ್ವನಿಗೆ ಆಗಲೇ ಹೊಳೆದದ್ದು. ಈ ಕಿವಿಯೂ ಹೋದರೆ ಆ ಮನೆಯಲ್ಲಿ ತಾನಿದ್ದು ಏನು ಫಲ?

ನೆರೆಯವರು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟರು. ಕಿವಿ ಮತ್ತಷ್ಟು ಮುಚ್ಚಿತು. ನಾಲ್ಕನೆಯ ದಿನ ಹೇಮಪ್ಪ ಗಾಡಿ ಕಟ್ಟಿ ಕುಷ್ಟಗಿಯ ದವಾಖಾನೆಗೆ ಕರೆದೊಯ್ದ. ಅರಿವೆಯಲ್ಲಿ ಸುತ್ತಿದ ಗಂಟೊಂದನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಡಾಕ್ಟರ್ ಸಾಹೇಬರಿಗೆ ಬರುವುದು ಉರ್ದು. ದವಾಖಾನೆಯ ಆಯಾ ಶಾಹಜಾದಬಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು, ಹಂಪವ್ವನಿಗೆ ಕೈಸನ್ನೆ ಮಾಡುತ್ತಿದ್ದಳು. ಸಾಹೇಬರು ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಮೊಣಕೈಗೆ ಬಡಿದು ಎಡಗಿವಿಯ ಮುಂದೆ ಹಿಡಿದರು. ಹಂಪವ್ವ ತಲೆಯಾಡಿಸಿದಳು, ಏನೂ ಇಲ್ಲ. ಮತ್ತೆ ಬಡಿದು ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ತಲೆಯೊಳಗೆ ಗುಂಯ್ ಎಂದಿತು!

"ಬಂತ್ರಿ! ಬಂತು!" ಎಂದು ಚೀರಿದಳು.

ಶಾಹಜಾದಬಿ ನಕ್ಕು ಹೇಮಪ್ಪನಿಗೆ ಹೇಳಿದಳು: "ನರಾ ಜೀವಂತ ಐತಂತ. ಬಾಗಲಾ ಅಷ್ಟ ಮುಚ್ಚೈತಿ. ಕಿವ್ಯಾಗಿನ ಹಳೇ ಗುಗ್ಗಿ, ಆವಿಗಿ ಬೂದಿ, ತಲಿ ಎರಕೊಂಡಾಗ ನೀರು ಕುಡದು ಉಬ್ಬೇತಿ. ನೀವು ಎಣ್ಣಿ ಬೆಳ್ಳುಳ್ಳಿ ಹಾಕಿ ಬೀಗ ಜಡದೀರಿ!"

ಔಷಧದ ಹನಿ ಬಿಟ್ಟು ಮಧ್ಯಾಹ್ನದವರೆಗೆ ಕೂರಿಸಿದರು. ಆಮೇಲೆ ಪಿಚಕಾರಿಯಿಂದ ಉಗುರು ಬೆಚ್ಚನೆಯ ನೀರು. ಕಡಲೆಯಷ್ಟು ಕರಿಯ ಮುದ್ದೆ ಬಟ್ಟಲಿಗೆ ಬಿತ್ತು. ಮರುಗಳಿಗೆಗೆ ಹೊರಗೆ ಎತ್ತಿನ ಕೊರಳ ಗೆಜ್ಜೆ, ಯಾರದೋ ಕೆಮ್ಮು, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಹಂಪವ್ವ ಸೆರಗು ಬಾಯಿಗೊತ್ತಿ ಅತ್ತಳು.

ಹೇಮಪ್ಪ ಗಂಟು ಬಿಚ್ಚಿದ. ಒಂಬತ್ತನೆಯ ಗಡಿಗೆ. ಅವಳು ಎಡಗಿವಿಗೆ ಹಿಡಿದು ಬಡಿದಳು. ಖಣ್!

ಅವಳ ಮುಖ ಬಾಡಿತು.

"ಹಂಗಾರ ನಾ ಒಡದ ಎಂಟೂ ಛಲೋನ ಇದ್ದುವೇನ್ರಿ?"

"ಏ ಇಲ್ಲ ಬಿಡ. ಎಂಟೂ ಒಡಕ ಇದ್ದು. ನಾನ ನೋಡೇನಿ," ಎಂದ ಹೇಮಪ್ಪ, ಬಾಗಿಲ ಕಡೆ ಮುಖ ಮಾಡಿ.

ಆ ಮಾತಿನ ಒಡಕು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಹಂಪವ್ವ ಗಡಿಗೆಯನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಗಂಡನ ಹಿಂದೆ ಗಾಡಿ ಹತ್ತಿದಳು. ಒಡಕೊಂದನ್ನು ಅವಳು ಹಾಗೆಯೇ ಉಳಿಸಿಕೊಂಡದ್ದು ಅದೊಂದೇ ಸಲ.