ಕಾಕಾ ಕೆತ್ತಿದ ವಿಮಾನ ನಿಲ್ದಾಣ

ಧುಪದಾಳದ ಹತ್ತಿರ ಟೆಂಪೊ ಒಮ್ಮೆ ಎಗರಿ ಬಿದ್ದಾಗ ಕಾಕಾ ಎರಡೂ ಕೈ ಚಾಚಿ ವಿಮಾನ ನಿಲ್ದಾಣವನ್ನು ಅಪ್ಪಿಕೊಂಡ. ನಾನು ಚಾಲಕನಿಗೆ ಬೈದೆ. "ರಸ್ತಾ ನಾ ಮಾಡೇನೇನ್ರಿ ಸರ್?" ಎಂದು ಅವನೂ ತಿರುಗಿ ಕೇಳಿದ. ಗೋಕಾಕದಿಂದ ಹುಕ್ಕೇರಿಯವರೆಗೂ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಹನ್ನೊಂದಕ್ಕೆ ಅಲ್ಲಿಯ ಶಾಲೆಯ ಆಡಳಿತ ಮಂಡಳಿಯವರು ಬಂದು ನಮ್ಮ ಈ ಕಟ್ಟಿಗೆಯ ಮಾದರಿಯನ್ನು ನೋಡುವವರಿದ್ದರು. ಅವರು ಮೆಚ್ಚಿದರೆ ಪ್ರತಿ ಶನಿವಾರ ಅಲ್ಲಿಯ ಮಕ್ಕಳಿಗೆ ಗೊಂಬೆ ಮಾಡುವುದನ್ನು ಕಲಿಸುವ ಕೆಲಸ ಕಾಕಾನದು. ಮೆಚ್ಚದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಕಾಕಾ ನಮ್ಮಪ್ಪನ ತಮ್ಮ. ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ಮನೆ ನಮ್ಮದು. ನಾನು ಉಳಿ ಬಿಟ್ಟು ಪುಸ್ತಕ ಹಿಡಿದು ಮೂಡಲಗಿಯಲ್ಲಿ ಇತಿಹಾಸದ ಮಾಸ್ತರನಾದೆ. ಕಾಕಾ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅಕ್ಷರ ಕೂಡಿಸಿ ಓದಲು ಬಾರದು. ಆದರೆ ಅವನು ಮಾಡಿದ ಬದನೆಕಾಯಿ ಕಂಡು ಬೀಗರ ಹೆಂಗಸೊಬ್ಬಳು ಹೆಚ್ಚಲು ಈಳಿಗೆ ಕೇಳಿದ್ದಳು. ಶಾಲೆಯ ಮಾತು ಬಂದ ದಿನ ಅವನು ಬಿಳಿಯ ಅಂಗಿಯ ಬಟ್ಟೆ ತಂದು ಹೊಲಿಸಲು ಕೊಟ್ಟ. "ಜೀವನದಾಗ ಒಮ್ಮೆ ಯಾರರ ಮಾಸ್ತರ ಅಂದ್ರ ಸಾಕ ನೋಡ ತಮ್ಮಾ" ಎಂದ. ಆ ಮಾತು ನನಗೆ ನಗು ತರಿಸಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಪ್ರಯಾಣದ ಕಥೆ ಹೇಳುವ ಒಂದು ಕೋಣೆಯನ್ನು ಆ ಶಾಲೆ ಕಟ್ಟಿಸುತ್ತಿತ್ತು. ಎತ್ತಿನ ಗಾಡಿ, ಉಗಿಬಂಡಿ ಎಲ್ಲ ಸಿದ್ಧವಾಗಿದ್ದವು. ವಿಮಾನಕ್ಕೆ ಏನು ಮಾಡುವುದೆಂದು ದೊಡ್ಡ ಬಾಯಾರು, ಎಂದರೆ ಅಲ್ಲಿಯ ಮುಖ್ಯೋಪಾಧ್ಯಾಯಿನಿ, ಇತಿಹಾಸದ ಮಾಸ್ತರನೆಂದು ನನ್ನನ್ನು ಕೇಳಿದಾಗ ಲಂಡನ್ನಿನ ಬದಿಯ ಕ್ರಾಯ್ಡನ್ ನಿಲ್ದಾಣವನ್ನೇ ಮಾಡೋಣ ಎಂದೆ. ಜನರನ್ನೂ ಟಪಾಲನ್ನೂ ಹೊತ್ತು ದೇಶದಿಂದ ದೇಶಕ್ಕೆ ಹಾರುವುದು ಇನ್ನೂ ಹೊಸದಾಗಿದ್ದ ಕಾಲದ ನಿಲ್ದಾಣ ಅದು. ಡಾಂಬರಿನ ಪಟ್ಟಿ ಇರಲಿಲ್ಲ, ಬರೀ ಹುಲ್ಲುಗಾವಲು. ಗಾಳಿ ಯಾವ ಕಡೆಯಿಂದ ಬೀಸಿದರೆ ಆ ಕಡೆ ಮೂತಿ ಮಾಡಿ ಇಳಿಯುವುದು. ಗೋಪುರದಲ್ಲಿ ಕುಳಿತವನೊಬ್ಬ ರೇಡಿಯೊದಲ್ಲಿ ದಾರಿ ಹೇಳುವ ಪದ್ಧತಿ ಮೊದಲು ಶುರುವಾದದ್ದೂ ಅಲ್ಲೇ. ವಿಮಾನ ಹತ್ತುವ ಮೊದಲು ಪೆಟ್ಟಿಗೆಯ ಜೊತೆಗೆ ಮನುಷ್ಯರನ್ನೂ ತೂಗುತ್ತಿದ್ದರು. ಅಲ್ಲಿಂದ ನಮ್ಮ ದೇಶಕ್ಕೆ ಬರಲು ಇಳಿದಿಳಿದು ಒಂದು ವಾರ ಹಿಡಿಯುತ್ತಿತ್ತು.

ಇದನ್ನೆಲ್ಲ ಹೇಳಿ ಹಳೆಯ ಫೋಟೋಗಳನ್ನು ಕಾಕಾನ ಮುಂದೆ ಹರವಿದೆ. ಅವನಿಗೆ ತೂಗುವ ಸಂಗತಿ ಬಹಳ ಹಿಡಿಸಿತು. "ಮನಷ್ಯಾನ್ನ ಬೆಲ್ಲದ ಪೆಂಟಿ ತೂಗಿದಂಗ ತೂಗತಿದ್ರ?" ಎಂದು ಎರಡು ದಿನ ನಕ್ಕ. ಆಮೇಲೆ ತಕ್ಕಡಿಯ ಮೇಲೆ ಒಬ್ಬ ದಪ್ಪ ಸಾಹೇಬನನ್ನು ಕೆತ್ತಿದ; ತೂಕ ಕಡಿಮೆ ಬರಲೆಂದು ಉಸಿರು ಬಿಗಿಹಿಡಿದು ತುದಿಗಾಲಿನ ಮೇಲೆ ನಿಂತವನು. ಮೂರು ತಿಂಗಳಲ್ಲಿ ಗೋಪುರ, ವಿಮಾನಗಳನ್ನು ನಿಲ್ಲಿಸುವ ದೊಡ್ಡ ಕೊಟ್ಟಿಗೆಗಳು, ಎರಡು ವಿಮಾನ, ನಲವತ್ತು ಮಂದಿ ಎಲ್ಲ ಸಿದ್ಧವಾದವು. ಗೋಡೆಗೆ ಹಚ್ಚಿದ ಹಲಗೆಯ ಮೇಲೆ ಅವನ್ನು ಕಂಡು ನಾನು ಬೆರಗಾದೆ.

ಹುಕ್ಕೇರಿಯ ಶಾಲೆ ಮುಟ್ಟಿದಾಗ ಹತ್ತು ಗಂಟೆ. ಮಾದರಿಯನ್ನು ಕೋಣೆಯ ನಡುವಿನ ಮೇಜಿನ ಮೇಲೆ ಇಳಿಸಿದೆವು. ಮೇಲೆ ಸುತ್ತಲೂ ಒಂದು ಮಹಡಿ, ಅದಕ್ಕೆ ಕಬ್ಬಿಣದ ಕಟಾಂಜನ. ಅಲ್ಲಿ ನಿಂತ ನಾಲ್ಕೈದು ಹುಡುಗಿಯರು ಕೆಳಗೆ ಬಗ್ಗಿ ನೋಡಿ ಕಿಸಕ್ಕೆಂದು ನಕ್ಕರು. "ಇವರ ತಲಿಗೆ ಬಣ್ಣಾನ ಇಲ್ಲಲೇ!"

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಕಟಾಂಜನ ಹಿಡಿದು ಕೆಳಗೆ ನೋಡಿದೆ. ಟೋಪಿಗಳ ನೆತ್ತಿ, ಕೊಟ್ಟಿಗೆಗಳ ಮಾಡು, ವಿಮಾನದ ರೆಕ್ಕೆ, ಎಲ್ಲ ಬರಿಯ ಕೆಮ್ಮಣ್ಣಿನ ಬಣ್ಣ. ನಮ್ಮ ಮನೆಯ ರೂಢಿ ಅದು: ಗೊಂಬೆ ಗೋಡೆಗೆ ಬೆನ್ನು ಹಚ್ಚಿ ಗೂಡಿನಲ್ಲಿ ಕೂರುವಂಥದ್ದು, ಮುಖಕ್ಕೆ ಹತ್ತು ಕೈ ಬಣ್ಣ, ಕಾಣದ ಕಡೆಗೆ ಕಾವಿ ಒಂದೇ ಕೈ. ಅಜ್ಜನೂ ಹಾಗೆಯೇ ಮಾಡಿದ್ದ, ಅಪ್ಪನೂ ಹಾಗೆಯೇ ಮಾಡಿದ್ದ.

ಕೆಳಗಿಳಿದು ಬಂದವನೇ ಬಾಯಾರು, ಜವಾನರು, ಹುಡುಗಿಯರು ಎಲ್ಲರೆದುರು ಕಿರುಚಿದೆ. "ಏನ ಮಾಡಿಟ್ಟಿ ಕಾಕಾ? ಸಾಲಿ ಕಲೀಲಾರದವರ ಕೈಯಾಗ ಕೆಲಸಾ ಕೊಟ್ರ ಹಿಂಗ ಆಕ್ಕೈತಿ!"

ಕಾಕಾ ಹೊಸ ಅಂಗಿಯ ಗುಂಡಿಯನ್ನು ಹಿಡಿದು ನಿಂತಿದ್ದ.

ಬಾಯಾರು ಮೆಲ್ಲಗೆ, "ಸರ್, ನಿಮ್ಮ ಕೈಯಾಗ ಈ ಕೋಣಿ ನಕ್ಷಾ ಕೊಟ್ಟಿದ್ನೆಲ್ರಿ? ಮಕ್ಕಳು ವಿಮಾನದಾಗಿಂದ ನೋಡಿದಂಗ ಮ್ಯಾಲಿಂದ ನೋಡತಾರ ಅಂತ ಬರದಿದ್ನಿ" ಎಂದರು.

"ಯಾ ನಕ್ಷಾ?" ಎಂದು ಕಾಕಾ ನನ್ನ ಮುಖ ನೋಡಿದ.

ಕೊಟ್ಟಿದ್ದರು. ಮೂರು ತಿಂಗಳಿಂದ ಅದು ನನ್ನ ಚೀಲದಲ್ಲೇ ಮಡಚಿಕೊಂಡಿತ್ತು. ಓದು ಬಾರದವನಿಗೆ ಕಾಗದ ತೋರಿಸಿ ಏನು ಪ್ರಯೋಜನ ಎಂದುಕೊಂಡಿದ್ದೆ. ಓದು ಬಲ್ಲ ನಾನು ಓದಿದ್ದೆ, ಆದರೆ ತಲೆಗೆ ಹಾಕಿಕೊಂಡಿರಲಿಲ್ಲ. ತಪ್ಪು ನನ್ನದು ಎನ್ನಲು ಆ ಒಂದು ಗಳಿಗೆ ಸಾಕಿತ್ತು. "ಅದೆಲ್ಲಾ ಆಮ್ಯಾಲೆ, ಈಗ ಟೈಮ್ ಇಲ್ಲ" ಎಂದುಬಿಟ್ಟೆ.

ಕಾಕಾ ಅಂಗಿಯ ತೋಳು ಮಡಚಿ ತಾನೇ ಮೇಲೆ ಹತ್ತಿದ. ಕಟಾಂಜನಕ್ಕೆ ಎದೆ ಹಚ್ಚಿ ಬಹಳ ಹೊತ್ತು ನೋಡಿದ. ಗೋಡೆಯ ಗಡಿಯಾರ ಹತ್ತೂ ಇಪ್ಪತ್ತು ದಾಟಿತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಕಾ ಇಳಿದು ಬಂದು, "ಬೆನ್ನ ಬ್ಯಾಡ. ಮ್ಯಾಲಿಂದ ಬೆನ್ನ ಕಾಣೂದಿಲ್ಲ. ತಲಿ, ಹೆಗಲ, ಮಾಡ, ರೆಕ್ಕಿ, ಇಷ್ಟ ಮಾಡಿದ್ರ ಸಾಕ" ಎಂದ. ದಾರಿಯಲ್ಲಿ ಎಲ್ಲಾದರೂ ಕಿತ್ತರೆ ಹಚ್ಚಲೆಂದು ತಂದಿದ್ದ ಬಣ್ಣದ ಕರಟಗಳನ್ನು ತನ್ನ ಚೀಲದಿಂದ ತೆಗೆದು ಸಾಲಾಗಿಟ್ಟ. ಆಮೇಲೆ ನನ್ನನ್ನು ಕೇಳಿದ: "ವಿಮಾನ ನಡಸಾಂವಗ ಮ್ಯಾಲಿಂದ ಮೊದಲ ಏನ ಕಾಣತಿತ್ತು?"

"ನೆಲದ ಮ್ಯಾಲೆ ಊರ ಹೆಸರ. ದೊಡ್ಡ ದೊಡ್ಡ ಬಿಳೀ ಅಕ್ಷರದಾಗ ಬರದಿರತಿದ್ರು."

"ಮೊದಲ ಹೇಳಬೇಕಿತ್ತಲ್ಲೋ ಅದನ್ನ."

ಫೋಟೋಗಳೆಲ್ಲ ಎದುರಿನಿಂದ ತೆಗೆದವು. ಅವುಗಳಲ್ಲಿ ಆ ಅಕ್ಷರ ಕಂಡಿರಲಿಲ್ಲ. ನಾನು ಸೀಮೆಸುಣ್ಣದಿಂದ ಕೋಣೆಯ ನೆಲದ ಮೇಲೆ ಆ ಏಳು ಇಂಗ್ಲಿಷ್ ಅಕ್ಷರ ಬರೆದು ತೋರಿಸಿದೆ. ಕಾಕಾ ಒಮ್ಮೆ ನೋಡಿ, ಅಂಟಿನಲ್ಲಿ ಅದ್ದಿದ ಕಡ್ಡಿಯಿಂದ ಹಸಿರು ಹುಲ್ಲಿನ ಮೇಲೆ ಅವನ್ನು ನನಗಿಂತ ನೇರವಾಗಿ ಎಳೆದ. ಸೀಮೆಸುಣ್ಣದ ಕಡ್ಡಿಗಳನ್ನು ಕುಟ್ಟಿ ಪುಡಿ ಮಾಡಿ ಉದುರಿಸುವ ಕೆಲಸ ನನಗೆ ಬಂತು. ಅವಸರದಲ್ಲಿ ಅರ್ಧ ಪುಡಿ ಮೇಜಿನ ಮೇಲೆ ಚೆಲ್ಲಿದೆ. ನಕ್ಕಿದ್ದ ಹುಡುಗಿಯರು ಈಗ ಮೇಜಿನ ಸುತ್ತ ನಿಂತಿದ್ದರು. ಒಂದು ಟೋಪಿ, ಎರಡು ಹೆಗಲು, ಮತ್ತೊಂದು ಟೋಪಿ. ಕಾಕಾನ ಕುಂಚ ಎಲ್ಲೂ ತಡೆಯಲಿಲ್ಲ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿದಾಗ ಎರಡನೆಯ ವಿಮಾನದ ಒಂದು ರೆಕ್ಕೆ ಇನ್ನೂ ಕಾವಿಯದೇ ಉಳಿದಿತ್ತು.

ಮಂಡಳಿಯ ಹಿರಿಯರು ಹಣೆಯ ತುಂಬ ವಿಭೂತಿ ಧರಿಸಿದ್ದರು, ಮಾತು ಕಡಿಮೆ. ಮೇಲೆ ಹತ್ತಿ ನೋಡಿದರು, ಕೆಳಗೆ ಬಂದು ಒಂದು ಕೊಟ್ಟಿಗೆಯ ಮಾಡನ್ನು ಮುಟ್ಟಿದರು. ಬೆರಳಿಗೆ ಬಣ್ಣ ಹತ್ತಿತು.

"ಹಸಿ ಐತಲ್ಲಾ. ಮೂರ ತಿಂಗಳ ಕೊಟ್ಟರೂ ಇವತ್ತ ಬಣ್ಣಾ ಹಚ್ಚಾಕತ್ತೀರಿ? ಹಿಂಗ ಮಾಡವರು ಮಕ್ಕಳಿಗೆ ಏನ ಕಲಸ್ತೀರಿ? ಯಾರದಿದು ತಪ್ಪು?"

ಕಾಕಾ ಕೈ ಮುಗಿದ. "ನಮ್ಮ ಮನಿ ರೂಢಿರಿ ಯಜಮಾನ್ರ. ಬೆನ್ನಿಗೆ, ನೆತ್ತಿಗೆ ಬಣ್ಣಾ ಹಚ್ಚೂದಿಲ್ರಿ. ತಪ್ಪ ನಂದ."

ಬಾಯಾರು ನನ್ನನ್ನೇ ನೋಡುತ್ತಿದ್ದರು. ಹಿರಿಯರು ಬಾಗಿಲ ಕಡೆ ತಿರುಗಿದರು. ನಾನು ಚೀಲಕ್ಕೆ ಕೈ ಹಾಕಿ ಆ ಕಾಗದ ತೆಗೆದೆ.

"ತಪ್ಪ ಅವರದಲ್ರಿ. ನಕ್ಷಾ ನನ್ನ ಕಡೆ ಇತ್ತು. ಅವರಿಗೆ ಓದಾಕ ಬರೂದಿಲ್ಲಂತ ನಾ ತೋರಸಲಿಲ್ರಿ."

ಕಾಕಾ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಅಂಚಿಗೆ ಹರವಿದ. ಬಣ್ಣ ಮೆತ್ತಿದ ಬೆರಳನ್ನು ಗೆರೆಗಳ ಮೇಲೆ ಆಡಿಸಿದ. "ಇದು ಬಾಗಲಾ. ಇದು ಮ್ಯಾಲೆ ಹತ್ತೂ ಪಾವಟಿಗಿ. ಇದು ಮ್ಯಾಲಿನ ಕಟಾಂಜನ. ಇಲ್ಲಿ ನಿಂತ ಬಗ್ಗಿ ನೋಡೂದು." ಒಂದೂ ತಪ್ಪಲಿಲ್ಲ. "ಅಕ್ಷರಾ ಬರೂದಿಲ್ರಿ ನನಗ. ನಕ್ಷಾ ಬರತೈತಿ."

ಹಿರಿಯರು ಆ ಬೆರಳನ್ನೇ ನೋಡಿದರು. ಆಮೇಲೆ, "ಆ ಒಂದ ರೆಕ್ಕಿ ಮುಗಸ್ರಿ. ಶನಿವಾರದಿಂದ ಬರ್ರಿ ಮಾಸ್ತರ" ಎಂದರು.

ಕಾಕಾನ ಕಣ್ಣು ತುಂಬಿತು. ನನ್ನವೂ ತುಂಬಿದವು, ಆದರೆ ಅವನು ಈ ಕಡೆ ನೋಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹೊಸ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಾಯಾರಿಗೆ ಹೇಳಿದ: "ಇನ್ನ ಮ್ಯಾಲೆ ಏನರ ಕಾಗದಾ ಇದ್ರ ನನ್ನ ಕೈಯಾಗ ಕೊಡ್ರಿ. ಓದಿ ಹೇಳಾಕ ಈ ಹುಡುಗ್ಯಾರ ಅದಾರ."