ತೂತಿಲ್ಲದ ಬಕೆಟ್ಟುಗಳು

ಕಾದ ಕಬ್ಬಿಣ ಪ್ಲಾಸ್ಟಿಕ್ಕನ್ನು ಕೊರೆಯುವಾಗ ಬರುವ ವಾಸನೆ ನಿಮಗೆ ಗೊತ್ತಿರಬಹುದು. ಎರಡು ಸಲ ಕೆಮ್ಮಿದರೂ ಗಂಟಲು ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಅದು ನಮ್ಮ ತಾರಸಿಯಿಂದ ಇಳಿದು ಅಡುಗೆಮನೆಗೆ ಬಂತು. ಮೇಲೆ ಹೋಗಿ ನೋಡಿದರೆ, ಸಾಕತ್ತೆ ಪೇಂಟಿನ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು, ಕೆಂಡದಲ್ಲಿ ಕಾಸಿದ ಸರಳಿನಿಂದ ಅದರ ತಳಕ್ಕೆ ತೂತು ಮಾಡುತ್ತಿದ್ದಳು. ತಲೆ ಎತ್ತದೆ, “ಒಗೆ ಕುಡೀಬೇಡಿ ಮೇಷ್ಟ್ರೇ, ಕೆಳೀಕೋಗಿ” ಅಂದಳು.

ನಾನು ಬಾಬುರಾಯನಕೊಪ್ಪಲಿನ ಬಾಡಿಗೆ ಮನೆಯಲ್ಲಿರುವ ಕನ್ನಡ ಮೇಷ್ಟ್ರು. ತಪ್ಪು ಓದಿದ ಮಕ್ಕಳನ್ನು ತಿದ್ದುವುದು ನನ್ನ ಕಸುಬು. ಸಾಕಮ್ಮ ನನ್ನ ಅಪ್ಪನ ಅಕ್ಕ. ಮೊದಲೆಲ್ಲ ನನ್ನನ್ನು “ಮಗ” ಅಂತಲೇ ಕರೆಯುತ್ತಿದ್ದಳು. ಅವಳ ಬಾಯಲ್ಲಿ ನಾನು ಮೇಷ್ಟ್ರಾಗಿದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಸಲ ತಪ್ಪಾಗಿ ಹೇಳಿದ್ದೇನೆ, ಈ ಸಲ ಸರಿಯಾಗಿ ಹೇಳಬೇಕು.

ಅತ್ತೆಯನ್ನು ಬೂಕನಕೆರೆಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಪಾಂಡವಪುರದ ಹತ್ತಿರದ ನಮ್ಮೂರಿಗೆ, ತವರಿಗೆ, ಬಂದಳು. ಹೊಲ ಗದ್ದೆ ತಮ್ಮಂದಿರದು. ಆದರೆ ಮನೆಯ ಹಿಂದಿನ ಹಿತ್ತಲು ಮಾತ್ರ ಊರಿಗೆಲ್ಲ ‘ಸಾಕಮ್ಮನ ಹಿತ್ತಲು.’ ಬದನೆ, ಹೀರೆ, ದಂಟಿನ ಸೊಪ್ಪು, ಬೇಲಿಯ ಮೇಲೆ ಅವರೆ. ಬೇಲಿಯಾಚೆ ಹೋಗುವ ಹೆಂಗಸರನ್ನು “ಸಾರಿಗೇನಾಕಿದ್ದೀರೇ?” ಅಂತ ಕೂಗಿ ಕೇಳುವಳು. “ಏನೂ ಇಲ್ಲ ಕಣಕ್ಕ” ಅಂದರೆ, “ಏನೂ ಇಲ್ದೆ ಸಾರ್ ಕುದ್ದದಾ?” ಅಂತ ಬೈದು ಅವರ ಮಡಿಲಿಗೆ ಬದನೆಕಾಯಿ ಸುರಿಯುವಳು.

ಅಪ್ಪ ಮತ್ತು ಚಿಕ್ಕಪ್ಪ ಪಾಲಾದರು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಅಕ್ಕತಂಗಿಯರನ್ನು ಕರೆಸಿ, ಸೀರೆ ಅರಿಶಿನ ಕುಂಕುಮ ಕೊಟ್ಟು, ಹಕ್ಕು ಬಿಟ್ಟೆ ಅಂತ ಬರೆಸಿಕೊಳ್ಳುತ್ತಾರೆ. ಅಂದು ಮನೆಯಲ್ಲಿ ಪಾಯಸ ಮಾಡುತ್ತಾರೆ. ಅದನ್ನು ಅನ್ಯಾಯ ಅಂತ ಯಾರೂ ಕರೆಯುವುದಿಲ್ಲ. ಸೀರೆ ಕೊಡುವಾಗ ಅಪ್ಪ, “ನೀನಿರೋಗಂಟ ಇತ್ಲು ನಿಂದೇ ಕಣಕ್ಕ, ಯಾರು ಕೇಳಾರು?” ಅಂದರು. ಚಿಕ್ಕಪ್ಪ ತಲೆಯಾಡಿಸಿದರು.

ಪಾಂಡವಪುರದ ನೋಂದಣಿ ಕಚೇರಿಯಲ್ಲಿ ನಾನು ಸಾಕ್ಷಿ. ಪತ್ರ ನನ್ನ ಕೈಯಲ್ಲಿತ್ತು. ಎರಡು ಸಲ ಓದಿದೆ. ಹಿತ್ತಲು ಚಿಕ್ಕಪ್ಪನ ಭಾಗಕ್ಕೆ ಹೋಗಿತ್ತು. ಅತ್ತೆ ಇರುವವರೆಗೆ ಅವಳದು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅವಳಿಗೆ ಓದು ಬಾರದು. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, “ಇತ್ಲು ವಿಸ್ಯ ಬರ್ದವ್ರಾ ಮಗ?” ಅಂದಳು. ಕಿಟಕಿಯಾಚೆ ಅಪ್ಪ ಮತ್ತು ಚಿಕ್ಕಪ್ಪ ಟೀ ಕುಡಿಯುತ್ತಿದ್ದರು. ಒಳಗಿನಿಂದ ನಮ್ಮ ಹೆಸರು ಕೂಗಿದರು.

“ಹೂಂ ಅತ್ತೆ, ಎಲ್ಲಾ ಬರೆದವ್ರೆ” ಅಂದೆ.

ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಕೆಳಗೆ ಸಹಿ ಹಾಕಿದೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ.

ಯಾಕೆ ಹಾಗೆ ಹೇಳಿದೆ ಅಂತ ನೀವು ಕೇಳುತ್ತೀರಿ. ಅಪ್ಪನ ಭಯ ಅಂತ ಬಹಳ ದಿನ ನಂಬಿಕೊಂಡಿದ್ದೆ. ಅವಳು ಹೆಬ್ಬೆಟ್ಟು ಒತ್ತದಿದ್ದರೆ ಪಾಲೇ ನಿಲ್ಲುತ್ತಿತ್ತು, ಅಪ್ಪನ ಭಾಗ ಮುಂದೆ ನನಗೇ ಬರುವುದು ಎಂಬುದು ಇನ್ನೊಂದು ಉತ್ತರ. ಅದನ್ನು ಒಪ್ಪಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು.

ಮುಂದಿನ ಬೇಸಿಗೆಯಲ್ಲಿ ಚಿಕ್ಕಪ್ಪ ಹೊಸ ಮನೆಗೆಂದು ಹಿತ್ತಲಿಗೆ ಜೆಸಿಬಿ ಗೊತ್ತು ಮಾಡಿದರು. ಅತ್ತೆ ಬಸ್ಸು ಹತ್ತಿ ನೇರ ನನ್ನ ಮನೆಗೆ ಬಂದಳು. ಕೋಪವಿರಲಿಲ್ಲ, ಧೈರ್ಯವಾಗಿಯೇ ಇದ್ದಳು. ಕೈಚೀಲದಲ್ಲಿ ನನಗೆಂದು ಹೀರೆಕಾಯಿ ತಂದಿದ್ದಳು. “ಪತ್ರದಾಗೆ ಅದೆ ಅಂತ ನೀನೇ ಓದಿದ್ಯಲ್ಲ ಮಗ. ಬಾ, ಬಂದು ಅವನ್ಗೆ ತೋರ್ಸು.”

ನಾನು ನೆಲ ನೋಡಿದೆ. ಒಳಗೆ ಕುಕ್ಕರು ಎರಡು ಸಲ ಕೂಗಿತು.

“ಇರ್ನಿಲ್ವಾ?” ಅಂದಳು.

“ಇರಲಿಲ್ಲ ಅತ್ತೆ.”

ಅವಳು ಚೀಲವನ್ನು ನೆಲಕ್ಕಿಟ್ಟಳು. “ಎಳೇ ಕಾಯಿ. ಇವತ್ತೇ ಮಾಡ್ಕಳಿ ಮೇಷ್ಟ್ರೇ.”

ಹಿತ್ತಲ ಮೇಲೆ ಎದ್ದ ಮನೆಗೆ ಬಣ್ಣ ಬಳಿದ ವಾರ ಅವಳು ಗೂಡ್ಸ್ ಆಟೊದಲ್ಲಿ ನನ್ನ ಮನೆಗೆ ಬಂದಳು. ಬೇರೆಲ್ಲಿಗೆ ಹೋಗಬೇಕಿತ್ತು? ಜತೆಗೆ ಜೆಸಿಬಿ ಬರುವ ಮುಂಚೆ ತುಂಬಿಸಿಟ್ಟ ಹಿತ್ತಲ ಮಣ್ಣು, ಆರು ಸಿಮೆಂಟ್ ಚೀಲ. ಮತ್ತು ಆ ಹೊಸ ಮನೆಗೇ ಬಳಿದು ಖಾಲಿಯಾದ ಪೇಂಟಿನ ಬಕೆಟ್ಟುಗಳು. ಅವುಗಳ ಅಂಚಿನಲ್ಲಿ ಆ ಗೋಡೆಯ ತಿಳಿಹಸಿರು ಇನ್ನೂ ಅಂಟಿಕೊಂಡಿತ್ತು.

ನಾಲೆ ಬಯಲಿನಲ್ಲಿ ಬದುಕು ಕಳೆದವಳು ಬಕೆಟ್ಟಿನ ಮುಂದೆ ಹೊಸಬಳಾದಳು. ಟೊಮೆಟೊ ಸಸಿ ನೆಟ್ಟು, ಗದ್ದೆಗೆ ಕಟ್ಟಿದ ಹಾಗೆ ನೀರು ನಿಲ್ಲಿಸಿದಳು. ನಾನೂ ಹೊಸಬನೇ. ಆದರೂ ಮೊಬೈಲಿನಲ್ಲಿ ನೋಡಿದ್ದನ್ನು ಹೇಳಿದೆ: “ತಳಕ್ಕೆ ತೂತು ಮಾಡಬೇಕು ಅತ್ತೆ. ಇಲ್ಲದಿದ್ರೆ ಬೇರು ಕೊಳೀತವೆ.”

“ತೂತಿನ ಮಡ್ಕೇಲಿ ನೀರು ಎಲ್ಲಿ ಸುರೀತದೆ ಗೊತ್ತಿಲ್ವಾ? ಎಣದ ಸುತ್ತ.”

ನಮ್ಮಲ್ಲಿ ಹೆಣದ ಸುತ್ತ ನೀರಿನ ಮಡಕೆ ಹೊತ್ತು ತಿರುಗುವಾಗ, ಒಂದೊಂದು ಸುತ್ತಿಗೂ ಹಿಂದಿನಿಂದ ಮಚ್ಚಿನಿಂದ ತಟ್ಟಿ ಮಡಕೆಗೆ ತೂತು ಮಾಡುತ್ತಾರೆ. ಹಾಗಾಗಿ ಅವಳು ಬದುಕಿರುವ ಮನೆಯಲ್ಲಿ ನೀರು ಹಿಡಿಯುವ ಪಾತ್ರೆಗೆ ಕೈಯಾರೆ ತೂತು ಹಾಕಲಾರಳು. ಬಕೆಟ್ಟೇ ಬೇರೆ, ಮಡಕೆಯೇ ಬೇರೆ ಅಂತ ಪಾಠ ಶುರು ಮಾಡಿದೆ. ಅವಳು ಕೇಳಿಸಿಕೊಂಡು, “ಇದ್ನೂ ಓದ್ಬುಟ್ಟೇ ಏಳ್ತಿದ್ದೀರಾ ಮೇಷ್ಟ್ರೇ?” ಅಂದಳು.

ಪಾಠ ಅಲ್ಲಿಗೆ ಮುಗಿಯಿತು. ಎಲೆ ಹಳದಿಯಾಯಿತು, ಬುಡ ಕಪ್ಪಾಯಿತು, ಹಿತ್ತಲ ಮಣ್ಣು ನಾರತೊಡಗಿತು. ಅವಳು ಸ್ನಾನಕ್ಕೆ ಹೋದಾಗ ನಾನೇ ತೂತು ಹಾಕಿಬಿಡೋಣವೆಂದು ಒಂದು ದಿನ ಮೊಳೆ ಹಿಡಿದು ನಿಂತೆ. ಅದೂ ಅವಳಿಗೆ ತಿಳಿಯದಂತೆ ಮಾಡಿದ ಇನ್ನೊಂದು ಕೆಲಸವಾಗುತ್ತಿತ್ತು. ಮೊಳೆಯನ್ನು ಡಬ್ಬಕ್ಕೆ ಹಾಕಿದೆ. ಸತ್ತ ಸಸಿಗಳನ್ನು ಅವಳು ಕಿತ್ತು ಮೋಟುಗೋಡೆಯ ಮೇಲೆ ಸಾಲಾಗಿ ಮಲಗಿಸಿದಳು.

ಬಟ್ಟೆ ಒಣಹಾಕಲು ಬಂದ ಕೆಳಮನೆಯ ಪಲ್ಲವಿ ಅದನ್ನು ನೋಡಿ, ಮೊಬೈಲು ತೆಗೆದು, ನಾನು ಹೇಳಿದ್ದನ್ನೇ ಓದಿ ಹೇಳಿದಳು. ಮಾರನೆಯ ದಿನವೇ ಅತ್ತೆ ಸರಳು ಕಾಸಿದಳು.

“ಎಣದ ವಿಷಯ ಏನಾಯ್ತು?” ಅಂದೆ, ದಡ್ಡನ ಹಾಗೆ.

“ಸುಳ್ಳೇಳಿ ಅವ್ಳಿಗೇನು ಸಿಕ್ತದೆ?”

ಈಗ ತಾರಸಿಯಲ್ಲಿ ಬದನೆ ಕಾಯಿ ಬಿಟ್ಟಿದೆ. ಮೊದಲ ಕೊಯ್ಲು ಪಲ್ಲವಿಗೆ ಹೋಯಿತು. ಹೊಸದಾಗಿ ಬೆಳೆಯುವವರು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ತೂತು, ಆಮೇಲೆ ಮಣ್ಣು. ನಿಂತ ನೀರು ಮೇಲಿನಿಂದ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಉಳಿದಿದ್ದು ಕೊನೆಯ ಬಕೆಟ್ಟು. ಕೆಳಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಮೆಟ್ಟಿಲ ಕಡೆ ನೋಡಿ, ಬೆಂಡೆ ಬೀಜದ ಪೊಟ್ಟಣವನ್ನು ನನ್ನ ಕಡೆ ಚಾಚಿದಳು. ಒಂದಕ್ಷರ ಬಿಡದೆ ಓದಿದೆ. ಎಷ್ಟು ಆಳ, ಎಷ್ಟು ನೀರು. ಕೊನೆಗೆ ತಾರೀಕು.

“ಅವಧಿ ಮುಗಿದದೆ ಅತ್ತೆ. ಮೊಳೆತರೂ ಮೊಳೀಬಹುದು, ಇಲ್ಲದೇನೂ ಇರಬಹುದು.”

ಕೆಳಗೆ ಚಿಲಕದ ಸದ್ದಾಯಿತು. ಅತ್ತೆ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಪಲ್ಲವಿ ಅದನ್ನೇ ಓದುವುದು ನನಗೆ ಕೇಳಿಸಿತು. ಅಂಕಪಟ್ಟಿಗೆ ಕಾಯುವ ವಿದ್ಯಾರ್ಥಿಯ ಹಾಗೆ ಉಸಿರು ಹಿಡಿದು ನಿಂತಿದ್ದೆ.

ಅತ್ತೆ ಮೇಲೆ ಬಂದು ಏದುಸಿರು ಇಳಿಸಿಕೊಂಡಳು.

“ಸರ್ಯಾಗೇ ಓದಿದ್ದೀರ ಮೇಷ್ಟ್ರೇ” ಅಂದಳು. “ಬಕೆಟ್ ಇಡ್ಕಳಿ.”

ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಳ ಇನ್ನೂ ಸುಡುತ್ತಿತ್ತು.